ಯಾವ ಮಾಲು ಎಷ್ಟು ತರಿಸಬೇಕು ಅಂತ ಸಾಫ್ಟ್‌ವೇರ್ ಹೇಳುತ್ತದಂತೆ. ನಮ್ಮ ಊರಿನ ಬಟ್ಟೆ ಅಂಗಡಿಗೆ ಆಗುತ್ತದಾ?

ರಥಬೀದಿ_ರೆಡಿಮೇಡ್
ನಮಸ್ಕಾರ ಎಲ್ಲರಿಗೂ. ಮಂಗಳೂರಿನಲ್ಲಿ ಒಂದು, ಉಡುಪಿಯಲ್ಲಿ ಒಂದು ಅಂಗಡಿ ಉಂಟು ನಮ್ಮದು. ರೆಡಿಮೇಡ್ ಜಾಸ್ತಿ, ಸೀರೆ ಸ್ವಲ್ಪ. ಬಿಲ್ಲಿಂಗ್ ಸಾಫ್ಟ್‌ವೇರ್ ಕೊಟ್ಟವರು ಈಗ ಇನ್ನೊಂದು ಹೊಸದು ಹಿಡಿದುಕೊಂಡು ಬಂದಿದ್ದಾರೆ. ಹಳೆ ಮಾರಾಟ ನೋಡಿ ಮುಂದಿನ ತಿಂಗಳು ಯಾವುದು ಎಷ್ಟು ಹೋಗುತ್ತದೆ, ಯಾವ ಸೈಜ್ ಎಷ್ಟು ತರಿಸಬೇಕು ಅಂತ ಅದೇ ಹೇಳುತ್ತದಂತೆ. ತಿಂಗಳ ಬಾಡಿಗೆ ಒಬ್ಬ ಸೇಲ್ಸ್ ಹುಡುಗನ ಅರ್ಧ ಸಂಬಳ ಬೀಳುತ್ತದೆ.

ಡೆಮೊ ಭಾರೀ ಚೆಂದ ಇತ್ತು. ಆದರೆ ನಮ್ಮ ಕಷ್ಟ ಬೇರೆ. ಗೋದಾಮಿನಲ್ಲಿ ಎಂ ಸೈಜ್ ಕುರ್ತಿ ರಾಶಿ ಬಿದ್ದಿದೆ, ಗಿರಾಕಿ ಬಂದು ಕೇಳುವುದು ಎಕ್ಸ್‌ಎಲ್. ಉಡುಪಿಯಲ್ಲಿ ಖಾಲಿಯಾದದ್ದು ಮಂಗಳೂರಿನಲ್ಲಿ ಧೂಳು ತಿನ್ನುತ್ತಿರುತ್ತದೆ. ಮಳೆಗಾಲದವರೆಗೆ ಉಳಿದರೆ ಕತೆ ಮುಗಿಯಿತು, ಹತ್ತಿಗೆ ಬೂಷ್ಟು, ಜರಿ ಕಪ್ಪು. ಯಾರಾದರೂ ಇಂಥದ್ದು ಬಳಸಿದ್ದೀರಾ? ನಿಜವಾಗಿ ಉಪಯೋಗ ಉಂಟಾ, ಇಲ್ಲ ಸುಮ್ನೆ ದುಡ್ಡು ದಂಡವಾ?

ಹಂಪನಕಟ್ಟೆ_ಹಳಬ
ದಂಡ. ಮುಂದಿನ ಪ್ರಶ್ನೆ.

ಸುರತ್ಕಲ್_ಕೋಡರ್
ಹಳಬರೇ, ಕಾರಣ ಸ್ವಲ್ಪ ಹೇಳಿ ಮಾರಾಯ್ರೆ.

ಹಂಪನಕಟ್ಟೆ_ಹಳಬ
ಕಾರಣ ಎಂತ ಹೇಳುವುದು? ನಮ್ಮ ತಂದೆ ಗಿರಾಕಿ ಮೆಟ್ಟಿಲು ಹತ್ತುವಾಗಲೇ ಸೈಜ್ ಹೇಳುತ್ತಿದ್ದರು. ಯಾರ ಮನೆಯಲ್ಲಿ ಮದುವೆ, ಯಾರ ಮಗ ದುಬೈಯಿಂದ ಬಂದಿದ್ದಾನೆ, ಎಲ್ಲ ತಲೆಯಲ್ಲಿ. ಮಾಲು ಉಳಿದದ್ದೂ ಉಂಟು, ಇಲ್ಲ ಅಂತ ಅಲ್ಲ. ಆದರೆ ಉಳಿಸಿಕೊಳ್ಳಲು ತಿಂಗಳ ಬಾಡಿಗೆ ಕೊಡುತ್ತಿರಲಿಲ್ಲ.

ಸುರತ್ಕಲ್_ಕೋಡರ್
ಆಗ ಅಂಗಡಿಯಲ್ಲಿ ಎಷ್ಟು ಬಗೆ ಇತ್ತು ಅಣ್ಣ? ಈಗ ಲೆಕ್ಕ ಹಾಕಿ. ಒಂದು ಕುರ್ತಿ ಡಿಸೈನಿಗೆ 6 ಬಣ್ಣ, 5 ಸೈಜ್ ಅಂದರೆ 30 ಬಗೆ. ಅಂಥ 200 ಡಿಸೈನ್ ಇಟ್ಟರೆ 6000. ಎರಡು ಅಂಗಡಿ ಇದ್ದರೆ 12000 ಸಾಲು. ಇದನ್ನು ಯಾರ ತಂದೆಯೂ ತಲೆಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ.

ಹಂಪನಕಟ್ಟೆ_ಹಳಬ
200 ಡಿಸೈನ್ ಇಡಿ ಅಂತ ಹೇಳಿದವರು ಯಾರು? ಮೊದಲು ಅದನ್ನು 80ಕ್ಕೆ ಇಳಿಸಿ. ಅರ್ಧ ರೋಗ ಅಲ್ಲಿಗೇ ಹೋಗುತ್ತದೆ.

ಉಡುಪಿ_ನೈಟಿ_ಅಕ್ಕ
ನಾನು ಬಳಸುತ್ತಿದ್ದೇನೆ, ಹಾಗಾಗಿ ಹೇಳುತ್ತೇನೆ. ನಮ್ಮದು ನೈಟಿ, ಪೆಟಿಕೋಟ್, ಲೆಗ್ಗಿಂಗ್ಸ್, ಒಳ ಉಡುಪು, ಮಕ್ಕಳ ಬನಿಯನ್. ಇದಕ್ಕೆ ಕಂಪ್ಯೂಟರ್ ಲೆಕ್ಕ ಬಹಳ ಚೆನ್ನಾಗಿ ಹೊಂದುತ್ತದೆ. ಯಾಕೆ ಅಂದರೆ ನೈಟಿ ವರ್ಷವಿಡೀ ಹೋಗುತ್ತದೆ, ಫ್ಯಾಷನ್ ಬದಲಾದರೂ ನೈಟಿ ನೈಟಿಯೇ.

ಲೆಕ್ಕ ಇಷ್ಟೇ. ದಿನಕ್ಕೆ ಸರಾಸರಿ 4 ಹೋಗುತ್ತದೆ, ಆರ್ಡರ್ ಹೇಳಿದ ಮೇಲೆ ಮಾಲು ಬರಲು 7 ದಿನ ಅಂತ ಇಟ್ಟುಕೊಳ್ಳಿ. ಆ 7 ದಿನಕ್ಕೆ 28 ಬೇಕು. ಲಾರಿ ತಡವಾದರೆ, ಇದ್ದಕ್ಕಿದ್ದಂತೆ ಜಾಸ್ತಿ ಹೋದರೆ ಅಂತ ಕೈಯಲ್ಲಿ 12 ಹೆಚ್ಚಿಗೆ. ಸ್ಟಾಕ್ 40ಕ್ಕೆ ಇಳಿದ ತಕ್ಷಣ ಪರದೆಯಲ್ಲಿ ಕೆಂಪು ಬರುತ್ತದೆ, ನಾನು ಫೋನ್ ಮಾಡುತ್ತೇನೆ. ಮೊದಲು ಖಾಲಿಯಾದ ಮೇಲೆ ಗೊತ್ತಾಗುತ್ತಿತ್ತು.

ಜುಲೈಯಲ್ಲಿ ಮಾತ್ರ ಆ 7 ಅನ್ನು ನಾನೇ ಕೈಯಿಂದ ಬದಲಿಸುತ್ತೇನೆ. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದರೆ ಪಾರ್ಸೆಲ್ ಎಲ್ಲಿ ನಿಲ್ಲುತ್ತದೆ ಅಂತ ಕಂಪ್ಯೂಟರಿಗೆ ಯಾರು ಹೇಳುತ್ತಾರೆ?

ಕಂಕನಾಡಿ_ಗಿರಾಕಿ
ಅಕ್ಕ, ಜೇಬು ಇರುವ ನೈಟಿ ಯಾಕೆ ಯಾವಾಗಲೂ ಖಾಲಿ? ಅದಕ್ಕೆ ಕೆಂಪು ಬರುವುದಿಲ್ಲವಾ?

ಉಡುಪಿ_ನೈಟಿ_ಅಕ್ಕ
😄 ಅದು ಬಂದ ದಿನವೇ ಹೋಗುತ್ತದೆ. ಕೆಂಪು ಬರಲು ಪುರುಸೊತ್ತೇ ಇಲ್ಲ.

ಮಣಿಪಾಲ_ಅಂಕಿಅಂಶ
ಜೇಬಿನ ನೈಟಿಯ ಮಾತು ತಮಾಷೆಯಲ್ಲ, ಈ ಇಡೀ ವಿಷಯದ ದೊಡ್ಡ ತೂತು ಅಲ್ಲೇ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಡವಾದವರು ಕೆಳಗೆ ಹೋಗಿ.

ಸಾಫ್ಟ್‌ವೇರ್ ನೋಡುವುದು ಬಿಲ್ಲನ್ನು. ಬಿಲ್ಲಿನಲ್ಲಿ ಇರುವುದು ಮಾರಾಟ ಆದದ್ದು ಮಾತ್ರ, ಗಿರಾಕಿ ಕೇಳಿದ್ದು ಅಲ್ಲ. ಒಂದು ಎಕ್ಸ್‌ಎಲ್ ಕುರ್ತಿ 6 ಪೀಸ್ ತಂದಿದ್ದೀರಿ. ಮೊದಲ ವಾರವೇ ಆರೂ ಹೋಯಿತು. ಮುಂದಿನ ಎರಡು ವಾರ ಮಾಲೇ ಇಲ್ಲ, ಹಾಗಾಗಿ ಮಾರಾಟ ಸೊನ್ನೆ. ಸಾಫ್ಟ್‌ವೇರ್ 6, 0, 0 ನೋಡಿ ವಾರಕ್ಕೆ ಸರಾಸರಿ 2 ಅನ್ನುತ್ತದೆ. ನಿಜವಾದ ಬೇಡಿಕೆ ವಾರಕ್ಕೆ 6, ಬಹುಶಃ ಅದಕ್ಕಿಂತ ಜಾಸ್ತಿ. ಅದೇ ಹೊತ್ತಿಗೆ ಎಂ ಸೈಜ್ ರ‍್ಯಾಕಿನಲ್ಲೇ ಕೂತು ವಾರಕ್ಕೆ 2 ರಂತೆ ನಿಧಾನವಾಗಿ ಹೋಗಿದೆ. ಅದರ ಸರಾಸರಿಯೂ 2. ಎರಡೂ ಒಂದೇ ಅಂತ ಲೆಕ್ಕ ಹಾಕಿ ಎರಡನ್ನೂ ಸಮ ತರಿಸಿ ಅನ್ನುತ್ತದೆ! ರಥಬೀದಿಯವರ ಗೋದಾಮಿನ ಎಂ ರಾಶಿ ಹೀಗೆ ಬೆಳೆಯುತ್ತದೆ.

ಒಳ್ಳೆಯ ಸಾಫ್ಟ್‌ವೇರ್ ಆದರೆ ಸ್ಟಾಕ್ ಸೊನ್ನೆ ಇದ್ದ ದಿನಗಳನ್ನು ಲೆಕ್ಕದಿಂದ ಬಿಡುತ್ತದೆ. ಡೆಮೊಗೆ ಬಂದವರನ್ನು ಮೊದಲು ಕೇಳಬೇಕಾದ್ದು ಇದು: "ಮಾಲು ಇಲ್ಲದ ದಿನವನ್ನು ನೀವು ಹೇಗೆ ಎಣಿಸುತ್ತೀರಿ?" ಅವರು ತಲೆ ಕೆರೆದರೆ ಚಹಾ ಕೊಟ್ಟು ಕಳಿಸಿ.

ರಥಬೀದಿ_ರೆಡಿಮೇಡ್
ಸರ್, ಇದು ನಮ್ಮದೇ ಕತೆ. ಆದರೆ ಎಂ ರಾಶಿಗೆ ಇನ್ನೊಂದು ಕಾರಣ ಉಂಟು. ಹೋಲ್‌ಸೇಲಿನವರು ಸೆಟ್ ಬಿಡಿಸಿ ಕೊಡುವುದಿಲ್ಲ. ಎಂ, ಎಲ್, ಎಕ್ಸ್‌ಎಲ್, ಡಬಲ್ ಎಕ್ಸ್‌ಎಲ್ ಒಂದೊಂದು, ನಾಲ್ಕು ಪೀಸ್ ಕಟ್ಟು. ಎಕ್ಸ್‌ಎಲ್ ಬೇಕು ಅಂತ ಇನ್ನೊಂದು ಸೆಟ್ ತಂದರೆ ಇನ್ನೊಂದು ಎಂ ಬರುತ್ತದೆ.

ಬಂದರು_ಹೋಲ್‌ಸೇಲ್
ಸೆಟ್ ಬಿಡಿಸಿದರೆ ನಿಮ್ಮ ಎಂ ನಮ್ಮ ಗೋದಾಮಿನಲ್ಲಿ ಉಳಿಯುತ್ತದೆ ಧನಿ. ನಮಗೂ ಸೂರತ್‌ನಿಂದ ಸೆಟ್ಟೇ ಬರುವುದು. ನಾವು ಎಂತ ಅದನ್ನು ಸಮುದ್ರಕ್ಕೆ ಹಾಕುವುದಾ?

ಸುರತ್ಕಲ್_ಕೋಡರ್
ನೋಡಿ, ಇಲ್ಲಿಗೆ ಮುನ್ಸೂಚನೆಯ ಕೆಲಸ ಮುಗಿಯಿತು. "3 ಎಕ್ಸ್‌ಎಲ್ ಬೇಕು" ಅಂತ ಸರಿಯಾಗಿಯೇ ಹೇಳಿತು, ಮಾರುಕಟ್ಟೆ ಕೊಡುವುದಿಲ್ಲ. ಆದರೂ ಎರಡು ಅಂಗಡಿ ಇರುವವರಿಗೆ ಒಂದು ದಾರಿ ಉಂಟು. ಹೊಸ ಸೆಟ್ ತರುವ ಮೊದಲು ಅಲ್ಲಿಯದು ಇಲ್ಲಿಗೆ, ಇಲ್ಲಿಯದು ಅಲ್ಲಿಗೆ ಸಾಗಿಸಿ. ಮಂಗಳೂರು ಉಡುಪಿ ಮಧ್ಯೆ 60 ಕಿಲೋಮೀಟರೂ ಇಲ್ಲ.

ಪಡುಬಿದ್ರಿ_ಬಸ್ಸು
ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಪಾರ್ಸೆಲ್ ಹಾಕಿದರೆ ಮಧ್ಯಾಹ್ನ ಊಟದೊಳಗೆ ತಲುಪುತ್ತದೆ. ಇದಕ್ಕೆ ಸಾಫ್ಟ್‌ವೇರ್ ಬೇಡ, ಕಂಡಕ್ಟರ್ ಪರಿಚಯ ಸಾಕು.

ಮಣಿಪಾಲ_ಅಂಕಿಅಂಶ
ಸೈಜ್ ವಿಷಯಕ್ಕೆ ಒಂದು ಪ್ರಸಿದ್ಧ ಉದಾಹರಣೆ ಸ್ಪೇನಿನ ಬಟ್ಟೆ ಕಂಪನಿ ಝಾರಾ. ಅವರು ಅಂಗಡಿಗಳಿಗೆ ವಾರಕ್ಕೆ ಎರಡು ಸಲ ಮಾಲು ಕಳಿಸುತ್ತಾರೆ. ಒಂದು ಡಿಸೈನಿನ ಮುಖ್ಯ ಸೈಜ್‌ಗಳು ಖಾಲಿಯಾದರೆ ಉಳಿದ ಸೈಜ್‌ಗಳನ್ನೂ ರ‍್ಯಾಕಿನಿಂದ ತೆಗೆದು ಒಳಗೆ ಇಡುವುದು ಅಲ್ಲಿಯ ಕ್ರಮ. ಗಿರಾಕಿ ಇಷ್ಟಪಟ್ಟು ಎತ್ತಿಕೊಂಡು, ಸೈಜ್ ಇಲ್ಲ ಅಂತ ಬೇಸರ ಮಾಡಿಕೊಳ್ಳಬಾರದು ಅಂತ. ಫೆಲಿಪೆ ಕಾರೊ, ಜೆರೆಮಿ ಗ್ಯಾಲಿಯನ್ ಅನ್ನುವ ಇಬ್ಬರು ಸಂಶೋಧಕರು ಅವರಿಗೆ ಹೊಸ ಲೆಕ್ಕ ಮಾಡಿಕೊಟ್ಟರು. ಮುಖ್ಯ ಸೈಜ್ ಇಲ್ಲದಿದ್ದರೆ ಉಳಿದದ್ದೂ ಮಾರಾಟ ಆಗುವುದಿಲ್ಲ ಅನ್ನುವುದನ್ನೇ ಲೆಕ್ಕದೊಳಗೆ ತಂದರು. ಪ್ರಯೋಗದಲ್ಲಿ ಮಾರಾಟ 3ರಿಂದ 4 ಶೇಕಡಾ ಏರಿತು.

ಹಂಪನಕಟ್ಟೆ_ಹಳಬ
ಝಾರಾ ಎಲ್ಲಿ, ನಮ್ಮ ರಥಬೀದಿ ಎಲ್ಲಿ. ಅವರದ್ದೇ ಫ್ಯಾಕ್ಟರಿ, ಅವರದ್ದೇ ಲಾರಿ. ಇಷ್ಟೆಲ್ಲ ಮಾಡಿ 3 ಶೇಕಡಾವಾ?

ಮಣಿಪಾಲ_ಅಂಕಿಅಂಶ
ಹೊಸ ಅಂಗಡಿ ತೆರೆಯದೆ, ಹೊಸ ಡಿಸೈನ್ ತಾರದೆ, ಇದ್ದ ಮಾಲನ್ನೇ ಬೇರೆ ರೀತಿ ಹಂಚಿ 3 ಶೇಕಡಾ ಅಂದರೆ ಸಣ್ಣದಲ್ಲ ಸರ್.

ಕಾಪು_ಕ್ಯಾಲೆಂಡರ್
ನನ್ನ ತಕರಾರು ಬೇರೆ. ಈ ಸಾಫ್ಟ್‌ವೇರ್‌ಗಳಿಗೆ ನಮ್ಮ ಊರಿನ ತಿಥಿ ಗೊತ್ತಿಲ್ಲ. ನಾನು ಅಕೌಂಟ್ಸ್ ನೋಡುವ ಒಂದು ಅಂಗಡಿಯಲ್ಲಿ ನಡೆದದ್ದು ಕೇಳಿ.

2024ರಲ್ಲಿ ಚೌತಿ ಸೆಪ್ಟೆಂಬರ್ 7, ಮೊಂತಿ ಹಬ್ಬ (ಇಲ್ಲಿಯ ಕ್ರಿಶ್ಚಿಯನ್ನರ ಮೇರಿಯಮ್ಮನ ಹಬ್ಬ) ಯಾವತ್ತಿನಂತೆ ಸೆಪ್ಟೆಂಬರ್ 8. ಎರಡೂ ಹಿಂದೆ ಮುಂದೆ. ಹಿಂದೂಗಳೂ ಬಂದರು, ಕ್ರಿಶ್ಚಿಯನ್ನರೂ ಬಂದರು, ಆ ವಾರ ಕಾಲಿಡಲು ಜಾಗ ಇಲ್ಲ. ಸಾಫ್ಟ್‌ವೇರ್ "ಸೆಪ್ಟೆಂಬರ್ ಮೊದಲ ವಾರ ಭಾರೀ ವ್ಯಾಪಾರ" ಅಂತ ಬರೆದಿಟ್ಟುಕೊಂಡಿತು. 2025ರಲ್ಲಿ ಚೌತಿ ಬಂದದ್ದು ಆಗಸ್ಟ್ 27ಕ್ಕೆ. ಸಾಫ್ಟ್‌ವೇರ್ ಹೇಳಿದಂತೆ ಮಾಲು ತರಿಸಿದರು. ಚೌತಿಗೆ ಕಡಿಮೆ ಬಿತ್ತು, ಹಬ್ಬ ಮುಗಿದ ಮೇಲೆ ಲಾರಿ ಬಂತು.

ಇನ್ನೂ ಚೆಂದದ್ದು ಅಷ್ಟಮಿ. ಅದರೊಳಗೆ ಇಡೀ ದೇಶದ ರಜಾ ಪಟ್ಟಿ ಇತ್ತು, 2025 ಆಗಸ್ಟ್ 16 ಜನ್ಮಾಷ್ಟಮಿ ಅಂತ. ಉಡುಪಿಯಲ್ಲಿ ಸೌರಮಾನ, ಅಂದರೆ ಸೂರ್ಯನ ಲೆಕ್ಕದ ಪಂಚಾಂಗ. ನಮ್ಮಲ್ಲಿ ಅಷ್ಟಮಿ ಸೆಪ್ಟೆಂಬರ್ 14, ವಿಟ್ಲಪಿಂಡಿ (ಮೊಸರುಕುಡಿಕೆ) 15. ಆಗಸ್ಟ್ 16 ಅಂದರೆ ಇಲ್ಲಿ ತುಳುವರ ಆಟಿ ತಿಂಗಳು ಮುಗಿಯುವ ಹೊತ್ತು. ಆಟಿಯಲ್ಲಿ ಯಾರು ಹೊಸ ಬಟ್ಟೆಗೆ ಮುಗಿಬೀಳುತ್ತಾರೆ, ಡಿಸ್ಕೌಂಟ್ ಇಲ್ಲದೆ?

ಬೈಂದೂರು_ಬ್ಯಾಗು
ಮಕ್ಕಳ ಕೃಷ್ಣ ವೇಷದ ಡ್ರೆಸ್ ಒಂದು ತಿಂಗಳು ಮುಂಚೆ ಬಂದು ಕೂತಿತ್ತಾ ಹಾಗಾದರೆ? 😂

ಕಾಪು_ಕ್ಯಾಲೆಂಡರ್
ಕೂತಿತ್ತು. ಅದು ಮಾತ್ರ ಒಳ್ಳೆಯದೇ ಆಯಿತು, ಸೆಪ್ಟೆಂಬರ್‌ನಲ್ಲಿ ಬೇರೆ ಅಂಗಡಿಯಲ್ಲಿ ಸಿಗದವರು ಇಲ್ಲಿಗೇ ಬಂದರು.

ಸುರತ್ಕಲ್_ಕೋಡರ್
ಅದು ಸಾಫ್ಟ್‌ವೇರಿನ ತಪ್ಪು ಅಲ್ಲ, ಹಬ್ಬದ ಪಟ್ಟಿ ತುಂಬಿಸದವರದ್ದು. ಫೇಸ್‌ಬುಕ್ 2017ರಲ್ಲಿ ಪ್ರಾಫೆಟ್ ಅನ್ನುವ ಟೂಲ್ ಪುಕ್ಕಟೆ ಬಿಟ್ಟಿತು. ಅದರಲ್ಲಿ ನಮ್ಮದೇ ಹಬ್ಬದ ತಾರೀಕು ಹಾಕಬಹುದು, ಹಬ್ಬಕ್ಕೆ ಎಷ್ಟು ದಿನ ಮೊದಲು ವ್ಯಾಪಾರ ಶುರು ಅಂತಲೂ ಹೇಳಬಹುದು. ಆಟಿ ಸೌರಮಾನ, ಹೆಚ್ಚುಕಮ್ಮಿ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯ, ಪ್ರತಿ ವರ್ಷ ಅಲ್ಲೇ. ಅದನ್ನು ಯಾವ ಸಾಫ್ಟ್‌ವೇರ್ ಆದರೂ ತಾನೇ ಕಲಿಯುತ್ತದೆ. ಓಡಾಡುವ ಹಬ್ಬಗಳನ್ನು ಮಾತ್ರ ನಾವು ಹೇಳಿಕೊಡಬೇಕು.

ಕುದ್ರೋಳಿ_ಕಟ್‌ಪೀಸ್
ಓಡಾಡುವುದು ಅಂದರೆ ಈದ್. ವರ್ಷಕ್ಕೆ 10-11 ದಿನ ಹಿಂದೆ ಬರುತ್ತದೆ. 2024ರಲ್ಲಿ ಏಪ್ರಿಲ್, 2025ರಲ್ಲಿ ಮಾರ್ಚ್ 31, 2026ರಲ್ಲಿ ಮಾರ್ಚ್ 20ರ ಆಸುಪಾಸು. ರಂಜಾನ್ ಕೊನೆಯ ಹತ್ತು ದಿನ ರಾತ್ರಿ ವ್ಯಾಪಾರವೇ ನಮ್ಮ ವರ್ಷದ ಜೀವ. ಹಳೆ ಬಿಲ್ ನೋಡಿ ಏಪ್ರಿಲ್‌ಗೆ ತರಿಸಿದರೆ ಸೀದಾ ಗೋದಾಮಿಗೆ.

ಬೆಂದೂರು_ಬಾಯಿ
ನಮ್ಮದನ್ನೂ ಸೇರಿಸಿ. ಈಸ್ಟರ್‌ಗೆ ಮುಂಚಿನ 40 ದಿನ ಉಪವಾಸ ಕಾಲ, ಚರ್ಚಿನಲ್ಲಿ ಮದುವೆ ಇಲ್ಲ. ಸೂಟು, ಗೌನು, ರೋಸಿಗೆ (ಮದುವೆಯ ಮುಂಚೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ) ಉಡುವ ಸೀರೆ ಎಲ್ಲ ಈಸ್ಟರ್ ಆದ ಮೇಲೆ. ಈಸ್ಟರ್ 2024ರಲ್ಲಿ ಮಾರ್ಚ್ 31, 2025ರಲ್ಲಿ ಏಪ್ರಿಲ್ 20, 2026ರಲ್ಲಿ ಏಪ್ರಿಲ್ 5. ಮೂರು ವಾರದವರೆಗೆ ಆಚೆ ಈಚೆ ಆಗುತ್ತದೆ.

ಕಾಪು_ಕ್ಯಾಲೆಂಡರ್
ಇನ್ನೂ ಎರಡು ಬಾಕಿ ಉಂಟು. ಒಂದು ಅಧಿಕ ಮಾಸ. 2026ರಲ್ಲಿ ಅಧಿಕ ಜ್ಯೇಷ್ಠ, ಮೇ 17ರಿಂದ ಜೂನ್ 15. ಮುಹೂರ್ತ ನೋಡುವವರು ಆಗ ಮದುವೆ ಇಡುವುದಿಲ್ಲ. 2025ರ ಮೇ ಕೊನೆಯ ವಾರ ನೋಡಿ ಧಾರೆ ಸೀರೆ ತರಿಸಿದರೆ ಕೈ ಸುಡುತ್ತದೆ. ಹಿಂದಿನ ಅಧಿಕ ಮಾಸ 2023ರಲ್ಲಿ ಶ್ರಾವಣಕ್ಕೆ ಬಂದಿತ್ತು, ಅದು ಹೆಚ್ಚುಕಮ್ಮಿ ಆಟಿಯ ಮೇಲೇ ಬಿದ್ದ ಕಾರಣ ನಮಗೆ ಗೊತ್ತೇ ಆಗಲಿಲ್ಲ.

ಇನ್ನೊಂದು ಉಡುಪಿಯ ಪರ್ಯಾಯ ಉತ್ಸವ, ಕೃಷ್ಣ ಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವುದು. ಎರಡು ವರ್ಷಕ್ಕೊಮ್ಮೆ ಜನವರಿ 18. 2024ರಲ್ಲಿ ಆಯಿತು, ಮತ್ತೆ 2026ರಲ್ಲಿ. 12 ತಿಂಗಳ ಹಿಂದೆ ನೋಡುವ ಲೆಕ್ಕಕ್ಕೆ ಇದು ಕಾಣುವುದೇ ಇಲ್ಲ, 24 ತಿಂಗಳ ಹಿಂದೆ ನೋಡಬೇಕು.

ಹಂಪನಕಟ್ಟೆ_ಹಳಬ
ಇಷ್ಟೆಲ್ಲ ನಾವೇ ಹೇಳಿಕೊಡಬೇಕು, ಮತ್ತೆ ಬಾಡಿಗೆಯೂ ನಾವೇ ಕೊಡಬೇಕು. ಅವರು ನಮಗೆ ಸಂಬಳ ಕೊಡಬೇಕಲ್ವಾ ಹಾಗಾದರೆ?

ಪುತ್ತೂರು_ಪಂಚೆ
ನಮ್ಮ ಅಂಗಡಿಯದ್ದು ಕೇಳಿ. ಹೊಸದಾಗಿ ಹಾಕಿಸಿದ ವರ್ಷ. ನವೆಂಬರ್ ಮಧ್ಯದಿಂದ ಕಪ್ಪು ಪಂಚೆ, ಕಪ್ಪು ಶರ್ಟ್, ಕಪ್ಪು ಶಾಲು ಹೋಗಲು ಶುರು ಆಯಿತು. ಮಾಲೆ ಹಾಕುವವರು ಬರುತ್ತಾರಲ್ಲ, ಶಬರಿಮಲೆಗೆ. ಸಾಫ್ಟ್‌ವೇರಿಗೆ ಅಯ್ಯಪ್ಪ ಯಾರು ಅಂತ ಗೊತ್ತಿಲ್ಲ. ವಾರ ವಾರ ಏರುತ್ತಿದೆ ಅಂತ ನೋಡಿ "ಕಪ್ಪು ಬಣ್ಣದ ಬೇಡಿಕೆ ಏರುಮುಖ" ಅಂತ ಹೇಳಿತು. ಜನವರಿ ಎರಡನೇ ವಾರ ದೊಡ್ಡ ಆರ್ಡರ್ ಹಾಕಲು ಸಲಹೆ. ಮಕರ ಸಂಕ್ರಾಂತಿ 14ಕ್ಕೆ ಮುಗಿಯುತ್ತದೆ ಮಾರಾಯ್ರೆ! ನಮ್ಮ ಹಳೆ ಸೇಲ್ಸ್‌ಮ್ಯಾನ್ ಪರದೆ ನೋಡಿ ನಕ್ಕದ್ದು ನಕ್ಕದ್ದೇ. ಆರ್ಡರ್ ಬಟನ್ ಒತ್ತಲು ಬಿಡಲಿಲ್ಲ.

ಮಣಿಪಾಲ_ಅಂಕಿಅಂಶ
ಒಂದೇ ವರ್ಷದ ಬಿಲ್ ಕೊಟ್ಟರೆ ಹೀಗೇ ಆಗುವುದು. ಏರಿದ್ದು ಕಾಲಕ್ಕೆ ತಕ್ಕಂತೆ ಏರಿದ್ದಾ, ಇಲ್ಲ ನಿಜವಾಗಿ ಬೆಳೆಯುತ್ತಿದೆಯಾ ಅಂತ ಬೇರೆ ಮಾಡಲು ಕನಿಷ್ಠ ಎರಡು ವರ್ಷ ಪೂರ್ತಿ ಬೇಕು, ಮೂರಾದರೆ ಒಳ್ಳೆಯದು. ಹೋಲ್ಟ್ ಅನ್ನುವ ಸಂಶೋಧಕರು 1957ರಲ್ಲಿ, ಅವರ ಶಿಷ್ಯ ವಿಂಟರ್ಸ್ 1960ರಲ್ಲಿ ಇದಕ್ಕೇ ಒಂದು ಲೆಕ್ಕ ಮಾಡಿದ್ದಾರೆ. ಈಗಿನ ವ್ಯಾಪಾರ ಎಷ್ಟು, ಅದು ಏರುತ್ತಿದೆಯಾ ಇಳಿಯುತ್ತಿದೆಯಾ, ಈ ತಿಂಗಳು ಉಳಿದ ತಿಂಗಳಿಗಿಂತ ಎಷ್ಟು ಹೆಚ್ಚು ಕಡಿಮೆ ಅಂತ ಮೂರನ್ನೂ ಬೇರೆ ಬೇರೆ ಇಟ್ಟು, ಹೊಸ ಬಿಲ್ಲಿಗೆ ಜಾಸ್ತಿ ತೂಕ, ಹಳೆಯದಕ್ಕೆ ಕಡಿಮೆ ತೂಕ. ಎಕ್ಸೆಲ್‌ನಲ್ಲೇ ಮಾಡಬಹುದು.

ಎಐ ಎಐ ಅಂತ ಹೆದರಿಸಿದರೆ ಇದನ್ನು ನೆನಪಿಡಿ. 2020ರಲ್ಲಿ ಎಂ5 ಅನ್ನುವ ಸ್ಪರ್ಧೆ ಆಯಿತು. ಅಮೆರಿಕದ ವಾಲ್‌ಮಾರ್ಟಿನ 10 ಅಂಗಡಿಗಳ ದಿನದ ಮಾರಾಟ ಕೊಟ್ಟು ಮುಂದಿನದ್ದು ಹೇಳಿ ಅಂದರು. ಗೆದ್ದದ್ದು ಮಷಿನ್ ಲರ್ನಿಂಗ್, ಹೌದು. ಆದರೆ ಸಾವಿರಾರು ತಂಡಗಳಲ್ಲಿ ಹೆಚ್ಚಿನವು ಈ ಹಳೆ ಸ್ಮೂದಿಂಗ್ (ಹೊಸದಕ್ಕೆ ಜಾಸ್ತಿ ತೂಕ ಕೊಡುವ) ಲೆಕ್ಕವನ್ನೂ ದಾಟಲಿಲ್ಲ.

ಸುರತ್ಕಲ್_ಕೋಡರ್
ವಾಲ್‌ಮಾರ್ಟಿನ ಆ ಲೆಕ್ಕದಲ್ಲಿ ಇದ್ದದ್ದು ದಿನಸಿ, ಮನೆ ಸಾಮಾನು ಎಲ್ಲ. ಅದೇ ಸಾಮಾನು ವರ್ಷಗಟ್ಟಲೆ ಇರುತ್ತದೆ. ಫ್ಯಾಷನ್‌ನಲ್ಲಿ ಈ ವರ್ಷದ ಡಿಸೈನ್ ಮುಂದಿನ ವರ್ಷ ಇಲ್ಲ. ಇತಿಹಾಸವೇ ಇಲ್ಲದ್ದಕ್ಕೆ ಹೋಲ್ಟ್ ಎಂತ ಮಾಡುತ್ತಾರೆ ಸರ್?

ಮಣಿಪಾಲ_ಅಂಕಿಅಂಶ
ಒಪ್ಪಿದೆ. ಅಲ್ಲಿ ಡಿಸೈನ್ ನೋಡಬಾರದು, ಗುಣ ನೋಡಬೇಕು. "ಹತ್ತಿ, ಮುಕ್ಕಾಲು ತೋಳು, 700ರ ಒಳಗೆ, ಅನಾರ್ಕಲಿ" ಅಂತ ಗುಂಪು ಮಾಡಿ ಆ ಗುಂಪು ಮೊದಲ ಮೂರು ವಾರ ಹೇಗೆ ಹೋಗಿತ್ತು ಅಂತ ನೋಡುವುದು. ಅಂದಾಜು ಸಿಗುತ್ತದೆ, ಭವಿಷ್ಯ ಅಲ್ಲ. ಹಾಗಾಗಿಯೇ ಮೊದಲು ಸ್ವಲ್ಪ ತಂದು, ಓಡಿದರೆ ಮತ್ತೆ ತರಿಸಿ.

ಬಂದರು_ಹೋಲ್‌ಸೇಲ್
ಓಡಿದ ಡಿಸೈನ್ ಮತ್ತೆ ಕೇಳಿದಾಗ ನಮ್ಮಲ್ಲಿ ಇರುವುದಿಲ್ಲ. ಅದೇ ಬಟ್ಟೆ, ಬೇರೆ ಪ್ರಿಂಟ್ ಸಿಗಬಹುದು. ಸತ್ಯ ಹೇಳುತ್ತಿದ್ದೇನೆ.

ರಥಬೀದಿ_ರೆಡಿಮೇಡ್
ಹಾಗಾದರೆ ಮೊದಲ ಸಲವೇ ಎಷ್ಟು ತರಬೇಕು? ಪ್ರಶ್ನೆ ಅಲ್ಲೇ ನಿಂತಿತಲ್ಲ.

ಮಣಿಪಾಲ_ಅಂಕಿಅಂಶ
ಇದಕ್ಕೆ ಪೇಪರ್ ಮಾರುವವನ ಲೆಕ್ಕ ಅಂತಲೇ ಒಂದಿದೆ. ಬೆಳಗ್ಗೆ ಎಷ್ಟು ಪೇಪರ್ ಕೊಳ್ಳಬೇಕು, ಸಂಜೆಗೆ ಉಳಿದರೆ ರದ್ದಿ. ನಿಮ್ಮ ಮಾಲಿಗೆ ಹಾಕಿ ನೋಡೋಣ.

ಕುರ್ತಿ ನಿಮಗೆ 400ಕ್ಕೆ ಬೀಳುತ್ತದೆ, 700ಕ್ಕೆ ಮಾರುತ್ತೀರಿ, ಉಳಿದರೆ ಆಟಿ ಸೇಲ್‌ನಲ್ಲಿ 250. ಕಡಿಮೆ ತಂದು ಗಿರಾಕಿ ವಾಪಸ್ ಹೋದರೆ 300 ನಷ್ಟ. ಜಾಸ್ತಿ ತಂದು ಉಳಿದರೆ 150 ನಷ್ಟ. 300 ಭಾಗ 450, ಅಂದರೆ ಮೂರರಲ್ಲಿ ಎರಡು. ಖಾಲಿಯಾಗದೆ ಸಾಕಾಗುವ ಸಾಧ್ಯತೆ ಮೂರರಲ್ಲಿ ಎರಡು ಪಾಲು ಇರುವಷ್ಟು ತನ್ನಿ. ಅಂದಾಜಿಗಿಂತ ಸ್ವಲ್ಪ ಜಾಸ್ತಿ.

ಈಗ ಇನ್ನೊಂದು. 400ಕ್ಕೆ ಬಿದ್ದು 500ಕ್ಕೆ ಹೋಗುವ, ಉಳಿದರೆ 150ಕ್ಕೂ ಕಷ್ಟದಲ್ಲಿ ಹೋಗುವ ಫ್ಯಾನ್ಸಿ ಟಾಪ್. ಕಡಿಮೆಯಾದರೆ 100 ನಷ್ಟ, ಉಳಿದರೆ 250. 100 ಭಾಗ 350, ಮೂರನೇ ಒಂದು ಪಾಲೂ ಇಲ್ಲ. ಅಂದಾಜಿಗಿಂತ ಕಡಿಮೆ ತನ್ನಿ, ಖಾಲಿಯಾದರೆ ಆಗಲಿ. ಎರಡಕ್ಕೂ ಅಂದಾಜು 50 ಪೀಸ್ ಅಂತಲೇ ಇದ್ದರೂ ತರಬೇಕಾದ್ದು ಬೇರೆ ಬೇರೆ. ಎಷ್ಟೋ ಸಾಫ್ಟ್‌ವೇರ್ 50 ಅಂತ ಹೇಳಿ ಸುಮ್ಮನಾಗುತ್ತದೆ. ಲಾಭದ ಲೆಕ್ಕ ನೀವೇ ಹಾಕಬೇಕು.

ಹಂಪನಕಟ್ಟೆ_ಹಳಬ
ಇದು ಸರಿ. ನನ್ನ ತಂದೆಯೂ ಹೀಗೇ ಮಾಡುತ್ತಿದ್ದರು, ಭಾಗಾಕಾರ ಇಲ್ಲದೆ. "ಮಾರ್ಜಿನ್ ಇಲ್ಲದ್ದನ್ನು ಕಟ್ಟು ಕಟ್ಟು ತರಬೇಡ" ಅಂತ.

ಸುರತ್ಕಲ್_ಕೋಡರ್
ಹಳಬರು ಒಪ್ಪಿದರು! ಯಾರಾದರೂ ಸ್ಕ್ರೀನ್‌ಶಾಟ್ ತೆಗೆಯಿರಿ.

ಜಿಎಸ್‌ಟಿ_ತಲೆನೋವು
ಯಾರೂ ಹೇಳದ ವಿಷಯ. 2025 ಸೆಪ್ಟೆಂಬರ್ 22ರಿಂದ ಬಟ್ಟೆ ಮೇಲೆ ತೆರಿಗೆ ಬದಲಾಗಿದೆ. ಮೊದಲು 1000 ರೂಪಾಯಿವರೆಗೆ 5 ಶೇಕಡಾ, ಮೇಲಿನದ್ದಕ್ಕೆ 12. ಈಗ 2500ವರೆಗೆ 5, ಅದರ ಮೇಲೆ 18. ಹಾಗಾಗಿ 1800ರ ಮಾಲು ಅಗ್ಗ ಆಯಿತು, 2800ರದ್ದು ತುಟ್ಟಿ ಆಯಿತು. ಹಳೆ ಬಿಲ್ ನೋಡಿ 2800ರ ಗೌನು ಎಷ್ಟು ಹೋಗುತ್ತದೆ ಅಂತ ಹೇಳಿದರೆ ನಂಬಬೇಡಿ.

ಕುದ್ರೋಳಿ_ಕಟ್‌ಪೀಸ್
ಸೀರೆಗೂ 18 ಅಂತ ಗಾಬರಿ ಮಾಡಬೇಡಿ. ನೀವು ಹೇಳಿದ್ದು ಹೊಲಿದ ಬಟ್ಟೆಗೆ. ಸೀರೆ ಬಟ್ಟೆಯ ಲೆಕ್ಕಕ್ಕೆ ಬರುತ್ತದೆ, ಬೆಲೆ ಎಷ್ಟಾದರೂ 5.

ಜಿಎಸ್‌ಟಿ_ತಲೆನೋವು
ಸರಿ, ಹೊಲಿದ ಬಟ್ಟೆ ಅಂತ ಓದಿಕೊಳ್ಳಿ. 2020, 21ರ ಲಾಕ್‌ಡೌನ್ ತಿಂಗಳ ಬಿಲ್ಲನ್ನೂ ತೆಗೆದುಹಾಕಿ. ಆಗ ಜೂನ್‌ನಲ್ಲಿ ಯೂನಿಫಾರ್ಮ್ ಮಾರಾಟ ಸೊನ್ನೆ, ಶಾಲೆಯೇ ಇಲ್ಲ.

ಕ್ಯಾಶ್_ಕೌಂಟರ್_ಹುಡುಗಿ
ಎಲ್ಲರೂ ಧನಿಗಳೇ ಮಾತಾಡುತ್ತಿದ್ದೀರಿ, ಬಿಲ್ ಮಾಡುವವಳು ನಾನು ಹೇಳುತ್ತೇನೆ. ಹಬ್ಬದ ದಿನ ಕೌಂಟರಿನಲ್ಲಿ ಇಪ್ಪತ್ತು ಜನ ನಿಂತಿರುತ್ತಾರೆ. ಒಬ್ಬರು ಮೂರು ಲೆಗ್ಗಿಂಗ್ಸ್ ತರುತ್ತಾರೆ, ಒಂದು ಕಪ್ಪು ಎಲ್, ಒಂದು ಮರೂನ್ ಎಕ್ಸ್‌ಎಲ್, ಒಂದು ಬಿಳಿ ಎಲ್. ಬೆಲೆ ಒಂದೇ. ನಾವು ಒಂದನ್ನು ಸ್ಕ್ಯಾನ್ ಮಾಡಿ "3" ಒತ್ತುತ್ತೇವೆ. ಬೇಗ ಆಗುತ್ತದೆ. ಸಂಜೆ ಸಿಸ್ಟಮ್‌ನಲ್ಲಿ ಕಪ್ಪು ಎಲ್ ಮೈನಸ್ 9, ಬಿಳಿ ಎಲ್ ಹಾಗೇ ಇದೆ ಅಂತ ತೋರಿಸುತ್ತದೆ, ರ‍್ಯಾಕಿನಲ್ಲಿ ನೋಡಿದರೆ ಬಿಳಿ ಒಂದೂ ಇಲ್ಲ.

ಟ್ಯಾಗ್ ಕಿತ್ತು ಹೋದದ್ದಕ್ಕೆ ಪಕ್ಕದ ಪೀಸಿನ ಟ್ಯಾಗ್ ಬೀಪ್ ಮಾಡುತ್ತೇವೆ. ಹಬ್ಬ ಕಳೆದು ಸೈಜ್ ಬದಲಿಸಲು ಬಂದರೆ ಹೊಸ ಬಿಲ್ ಮಾಡದೆ ಹಾಗೇ ಬದಲಿಸಿ ಕೊಡುತ್ತೇವೆ. ಈ ಬಿಲ್ ನೋಡಿ ಯಾವ ಮಷಿನ್ ಎಂತ ಕಲಿಯುತ್ತದೆ?

ಉಡುಪಿ_ನೈಟಿ_ಅಕ್ಕ
ತಂಗಿ, ನೂರಕ್ಕೆ ನೂರು ಸರಿ. ನಮ್ಮಲ್ಲಿ ಮೊದಮೊದಲು ತಿಂಗಳುಗಟ್ಟಲೆ ಇದೇ ಜಗಳ. ಈಗ ಪ್ರತಿ ಸೋಮವಾರ ಬೆಳಗ್ಗೆ ಗಿರಾಕಿ ಬರುವ ಮೊದಲು ಒಂದು ರ‍್ಯಾಕ್ ಮಾತ್ರ ಎಣಿಸುತ್ತೇವೆ. ಇಡೀ ಅಂಗಡಿ ಒಂದೇ ದಿನ ಎಣಿಸಲು ಹೋದರೆ ಯಾರೂ ಮಾಡುವುದಿಲ್ಲ. ಒಂದು ರ‍್ಯಾಕ್ ಅಂದರೆ ಮಾಡುತ್ತಾರೆ.

ಮಣಿಪಾಲ_ಅಂಕಿಅಂಶ
ಈ ಚರ್ಚೆಯ ಅತ್ಯಂತ ಉಪಯೋಗದ ಉತ್ತರ ಕ್ಯಾಶ್ ಕೌಂಟರ್ ತಂಗಿಯದ್ದು. ಸಾಫ್ಟ್‌ವೇರ್ ತರುವ ಮೊದಲು ಆ "3" ಬಟನ್ ಬಂದ್ ಮಾಡಿ.

ಕ್ಯಾಶ್_ಕೌಂಟರ್_ಹುಡುಗಿ
ಬಂದ್ ಮಾಡುವುದಾದರೆ ಹಬ್ಬಕ್ಕೆ ಇನ್ನೊಂದು ಕೌಂಟರ್ ಹಾಕಿ ಸರ್. ಬೈಗುಳ ತಿನ್ನುವುದು ನಾವು.

ಕಂಕನಾಡಿ_ಗಿರಾಕಿ
ವಿಷಯ ಸ್ವಲ್ಪ ಬೇರೆ. 44 ಸೈಜ್ ಬಿಳಿ ಫುಲ್ ತೋಳಿನ ಶರ್ಟ್ ಮಂಗಳೂರಿನಲ್ಲಿ ಎಲ್ಲಿ ಸಿಗುತ್ತದೆ? ಹೋದಲ್ಲೆಲ್ಲ "ನಿನ್ನೆ ತನಕ ಇತ್ತು" ಅನ್ನುತ್ತಾರೆ.

ಹಂಪನಕಟ್ಟೆ_ಹಳಬ
ನಮ್ಮಲ್ಲಿಗೆ ಬನ್ನಿ. ಉಂಟು. ಪಾರ್ಕಿಂಗ್ ಮಾತ್ರ ಕೇಳಬೇಡಿ.

ಪಡುಬಿದ್ರಿ_ಬಸ್ಸು
ಪಾರ್ಕಿಂಗ್ ಇಲ್ಲದ ಕಾರಣವೇ ಜನ ಮೊಬೈಲ್‌ನಲ್ಲಿ ತರಿಸುವುದು. ಅದನ್ನು ಯಾವ ಸಾಫ್ಟ್‌ವೇರ್ ಹೇಳುತ್ತದೆ?

ಪುತ್ತೂರು_ಪಂಚೆ
ಕಂಕನಾಡಿಯವರು ಹೇಳಿದ್ದಕ್ಕೆ ಒಂದು ಮಾತು. "ನಿನ್ನೆ ತನಕ ಇತ್ತು" ಅಂತ ಹೇಳಿ ಕಳಿಸುತ್ತೇವಲ್ಲ, ಅದು ಎಲ್ಲೂ ದಾಖಲೆ ಆಗುವುದಿಲ್ಲ. ನಮ್ಮ ಸೇಲ್ಸ್‌ಮ್ಯಾನ್ ಹತ್ತಿರ ಈಗ ಒಂದು ಸಣ್ಣ ನೋಟ್‌ಬುಕ್ ಉಂಟು. ಗಿರಾಕಿ ಕೇಳಿ ಇಲ್ಲದೆ ಹೋದದ್ದನ್ನೆಲ್ಲ ಬರೆಯುವುದು. ಮೊನ್ನೆಯ ಪುಟದಲ್ಲಿ ಇದ್ದದ್ದು: "42 ಕ್ರೀಮ್ ಕುರ್ತಾ 2 ಜನ, ಹುಡುಗಿಗೆ 8 ವರ್ಷ ಲಂಗ ಬ್ಲೌಸ್ ಹಸಿರು, ಡಬಲ್ ಪಂಚೆ ಸಣ್ಣ ಅಂಚು 3 ಜನ, ಕೊಡೆ." ಕೊಡೆ ನಾವು ಮಾರುವುದೇ ಇಲ್ಲ, ಅವನು ಅದನ್ನೂ ಬರೆದಿದ್ದಾನೆ. ಶನಿವಾರ ನಾನು ಈ ಪುಟ, ಸಾಫ್ಟ್‌ವೇರ್ ಹೇಳಿದ ಪಟ್ಟಿ ಎರಡನ್ನೂ ಪಕ್ಕ ಪಕ್ಕ ಇಟ್ಟು ಆರ್ಡರ್ ಹೇಳುತ್ತೇನೆ. ಸಣ್ಣ ಅಂಚಿನ ಪಂಚೆ ಸಾಫ್ಟ್‌ವೇರ್ ಪಟ್ಟಿಯಲ್ಲಿ ಇರಲೇ ಇಲ್ಲ, ಯಾಕೆಂದರೆ ನಾವು ಯಾವತ್ತೂ ತಂದೇ ಇರಲಿಲ್ಲ.

ಸುರತ್ಕಲ್_ಕೋಡರ್
ಅಣ್ಣ, ಆ ನೋಟ್‌ಬುಕ್ಕನ್ನು ಫೋನಿನಲ್ಲಿ ಒಂದು ಫಾರಂ ಮಾಡಿಕೊಡಲಾ? ಪುಕ್ಕಟೆ.

ಪುತ್ತೂರು_ಪಂಚೆ
ಬೇಡ. ಫೋನ್ ಕೈಗೆ ಕೊಟ್ಟರೆ ರೀಲ್ಸ್ ನೋಡುತ್ತಾನೆ.

ರಥಬೀದಿ_ರೆಡಿಮೇಡ್
ಎಲ್ಲರಿಗೂ ಥ್ಯಾಂಕ್ಸ್. ಮನೆಯಲ್ಲಿ ಮಾತಾಡಿದೆ. ನೈಟಿ, ಒಳ ಉಡುಪು, ಯೂನಿಫಾರ್ಮ್, ಬಿಳಿ ಪಂಚೆ, ಇಷ್ಟಕ್ಕೆ ಮಾತ್ರ ಮೊದಲು ಹಾಕಿಸಿ ನೋಡುವುದು ಅಂತ. ಕುರ್ತಿ, ಸೀರೆ ನಾವೇ ನೋಡಿಕೊಳ್ಳುತ್ತೇವೆ. ಇಬ್ಬರು ಹುಡುಗಿಯರ ಹತ್ತಿರ ನೋಟ್‌ಬುಕ್ ಕೊಟ್ಟಾಗಿದೆ. ಪರ್ಯಾಯದ ಗಲಾಟೆ ಮುಗಿದ ಮೇಲೆ ಶುರು. ಕಂಪನಿಯವರು ಮಾತ್ರ ಒಂದು ವರ್ಷದ್ದು ಒಟ್ಟಿಗೆ ಕಟ್ಟಿದರೆ ಡಿಸ್ಕೌಂಟ್ ಅನ್ನುತ್ತಿದ್ದಾರೆ. ಕಟ್ಟಲಾ?

ಕಾಪು_ಕ್ಯಾಲೆಂಡರ್
ಬೇಡವೇ ಬೇಡ. ಮೂರು ತಿಂಗಳು ಕೇಳಿ. ಕೊಡದಿದ್ದರೆ ಬೇರೆಯವರು ಕೊಡುತ್ತಾರೆ. ಹಬ್ಬದ ತಾರೀಕು ನೀವೇ ಹಾಕಲು ಬಿಡುತ್ತಾರಾ ಅಂತಲೂ ನೋಡಿ. ಫೋನ್ ಮಾಡಿ ಹೇಳಬೇಕು ಅಂದರೆ ಆಗುವ ಕೆಲಸ ಅಲ್ಲ.

ಸುರತ್ಕಲ್_ಕೋಡರ್
ಮತ್ತೆ, ಬಿಟ್ಟು ಹೋಗುವಾಗ ನಿಮ್ಮ ಬಿಲ್ ಎಲ್ಲ ಎಕ್ಸೆಲ್‌ನಲ್ಲಿ ವಾಪಸ್ ಸಿಗುತ್ತದಾ ಅಂತ ಬರೆಸಿಕೊಳ್ಳಿ. ಬಾಯಿಮಾತು ಬೇಡ. ಕೆಲವರು ಡೇಟಾ ಕೊಡಲು ಬೇರೆ ಚಾರ್ಜ್ ಕೇಳುತ್ತಾರೆ.

ಹಂಪನಕಟ್ಟೆ_ಹಳಬ
ಮೂರು ತಿಂಗಳು ಕಳೆದು ಯೂನಿಫಾರ್ಮ್‌ಗೆ ಅದು ಎಷ್ಟು ಹೇಳಿತು ಅಂತ ಇಲ್ಲೇ ಹಾಕಿ ಧನಿ. ನಾನೂ ನನ್ನ ಅಂದಾಜು ಈಗಲೇ ಚೀಟಿಯಲ್ಲಿ ಬರೆದು ಗಲ್ಲಾಪೆಟ್ಟಿಗೆಯಲ್ಲಿ ಇಡುತ್ತೇನೆ. ಜೂನ್‌ನಲ್ಲಿ ನೋಡುವ.